ಅಳತೆಯ ಪಕ್ಕದ ಸಾಲು

“ಎಡಗಡೆ ಒಳಗೆ ಹತ್ತಿ ತುಂಬಬೇಕು, ಯಾರಿಗೂ ಹೇಳಬಾರದು,” ಎಂದು ಗಂಡ ಕಂಪ್ಯೂಟರ್ ನೋಡಿ ಗಟ್ಟಿಯಾಗಿ ಓದಿ ನಕ್ಕಾಗ, ಅವಳ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ಹೊಸ ಸಾಫ್ಟ್‌ವೇರ್ ಬಂದಾಗಲೆಲ್ಲ ಅಂತರ್ಜಾಲದಲ್ಲಿ ಅಭಿಪ್ರಾಯ ಬರೆಯುವುದು ಅವನ ಹವ್ಯಾಸ. ಇವತ್ತು ಅವಳನ್ನು ಕೇಳದೆಯೇ, ಅವಳ ಹೊಲಿಗೆ ಅಂಗಡಿಯ ಅಳತೆಗಳನ್ನೆಲ್ಲ ಹೊಸದೊಂದಕ್ಕೆ ಸುರಿದಿದ್ದ.

“ಇದು ನಮ್ಮ ಟೀಚರಮ್ಮಂದಲ್ವೇನೇ? ಏನಾಗಿದೆ ಅವರಿಗೆ?”

“ಅದನ್ನ ಯಾಕ್ರೀ ಓದಿದ್ರಿ?”

“ಮೂಗಿನ ಮೇಲೇ ಸಿಟ್ಟು ನಿಂಗೆ. ಹುಡುಕಿದ್ರೆ ಚಿಟಿಕೆ ಹೊಡೆಯೋದ್ರಲ್ಲಿ ಸಿಗುತ್ತೆ, ನೋಡು. ಐದಕ್ಕೈದು ಸ್ಟಾರ್ ಕೊಡ್ತೀನಿ! ಹೆಸರು ಅಳಿಸಿ ಈ ಪುಟದ ಫೋಟೋನೇ ಹಾಕ್ತೀನಿ.”

ಆಪರೇಷನ್ ಆದ ಮೇಲೆ ಮೊದಲ ಸಲ ಬಂದ ಟೀಚರಮ್ಮ, ಟೇಪು ಎದೆಯ ಸುತ್ತ ಬರುವಾಗ ಗೋಡೆ ನೋಡುತ್ತ ನಿಂತಿದ್ದರು. “ನಿನ್ನ ಕೈಗೆ ಮಾತ್ರ ಗೊತ್ತಿರಲಿ ಕಣಮ್ಮಾ,” ಎಂದಿದ್ದರು. ಆಗಲಿ ಎಂದು ಇವಳು ಮಾತು ಕೊಟ್ಟಿದ್ದಳು.

ಅವಳು ಗಂಡನ ಕೈ ತಳ್ಳಿ, ಅಂಕಿಗಳ ಪಕ್ಕ ತಾನು ಬರೆದಿದ್ದ ಸಾಲುಗಳನ್ನೆಲ್ಲ ಒಂದೂ ಬಿಡದೆ ಅಳಿಸಿದಳು.

“ಹುಚ್ಚು ಹಿಡೀತಾ ನಿಂಗೆ?” ಎಂದ. ಅವಳು ಮತ್ತೆ ಕತ್ತರಿ ಎತ್ತಿಕೊಂಡಳು. ಸಂಜೆ ಟೀಚರಮ್ಮನ ಮನೆಗೆ ತಾನೇ ಹೋಗುವುದು, ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲ ಎಂದು ಅವರ ಮುಖ ನೋಡಿಯೇ ಹೇಳುವುದು ಎಂದು ಮನಸ್ಸಿನಲ್ಲೇ ನಿರ್ಧರಿಸಿದಳು.