ನಾಲ್ಕು ಬೆರಳು ಉದ್ದ

ಆ ಹೆಣಿಗೆ ಅವನ ಕೈಯದಲ್ಲ ಎಂಬುದು ಟೀಚರಿಗೆ ಮೊದಲ ನೋಟಕ್ಕೇ ತಿಳಿಯಿತು.

ಒಂದು ಕುಣಿಕೆ ಹಾಕಲೂ ಬಾರದೆ ಹೆಣಿಗೆ ಕಡ್ಡಿಯನ್ನು ಸ್ಕ್ರೂಡ್ರೈವರಿನಂತೆ ಹಿಡಿದು ಕುಳಿತಿದ್ದಾನೆ. ತೊಡೆಯ ಮೇಲಿರುವುದು ಮಾತ್ರ ಮುಕ್ಕಾಲು ಮುಗಿದ ಬೂದು ಸ್ವೆಟರು, ಯಂತ್ರದಿಂದ ಇಳಿದಷ್ಟು ಸಮ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಗುರುವಾರ ಮಧ್ಯಾಹ್ನ ಹೆಣೆಯಲು ಕೂಡುವ ಹೆಂಗಸರೆಲ್ಲ ಮಾತು ನಿಲ್ಲಿಸಿದ್ದರು. ಎದುರು ಸಾಲಿನ ಬೀಗ ರಿಪೇರಿಯವನು ಎಂದು ಎಲ್ಲರಿಗೂ ಗೊತ್ತು. ಇದನ್ನು ಎಲ್ಲಿಂದ ಎತ್ತಿಕೊಂಡು ಬಂದನೋ ಎಂದು ಬೇಕರಿಯವಳು ಕಣ್ಣಲ್ಲೇ ಕೇಳಿದಳು.

"ಯಾರು ಹೆಣೆದದ್ದು ಇದು?" ಎಂದರು ಟೀಚರ್.

"ನನ್ನ ಹೆಂಡತಿ." ಅವನೇ ಮುಂದುವರಿಸಿದ. "ತೀರಿಕೊಂಡು ಒಂದು ತಿಂಗಳಾಯ್ತು. ಇದನ್ನ ಮುಗಿಸಬೇಕು, ಮುಗಿಸಬೇಕು ಅಂತ ಕೊನೇವರೆಗೂ ಅಂತಿದ್ದಳು. ಒಂದು ತೋಳು ಉಳಿದಿದೆ. ಅಷ್ಟು ಕಲಿಸಿ, ಸಾಕು."

ಬೇಕರಿಯವಳು ತಲೆ ತಗ್ಗಿಸಿದಳು.

"ಕೊಡಿ, ನಾನೇ ಹಾಕಿಕೊಡ್ತೀನಿ. ಎರಡು ದಿನದ ಕೆಲಸ," ಎಂದರು ಟೀಚರ್.

"ಬೇಡ ಟೀಚರ್. ನಾನೇ ಮಾಡಬೇಕು."

ಹೀಗೆ ಅವನು ಅವರ ಬೀಗದಣ್ಣನಾದ. ಹೆಂಡತಿ ಕುಣಿಕೆ, ಸಾಲುಗಳ ಲೆಕ್ಕ ಬರೆದಿಟ್ಟ ಚೀಟಿಯನ್ನು ಮುಂದಿಟ್ಟುಕೊಂಡು ತುಟಿ ಅಲುಗಿಸುತ್ತ ಎಣಿಸುತ್ತಿದ್ದ. ಮೊದಲ ವಾರ ಮೂರು ಸಾಲು. ಅದರಲ್ಲಿ ಎರಡನ್ನು ಬಿಚ್ಚಬೇಕಾಯಿತು. ಬೇಕರಿಯವಳು ತಪ್ಪು ಕಾಣಿಕೆ ಒಪ್ಪಿಸುವವಳಂತೆ ಪ್ರತಿವಾರ ಬಿಸಿ ಬನ್ನು ತಂದು ಮೊದಲು ಅವನ ಮುಂದೆಯೇ ಇಡತೊಡಗಿದಳು. ಉಲ್ಲನ್ ಸಾಲದೆ ಬಂದಾಗ ನಿವೃತ್ತ ನರ್ಸಕ್ಕ ನಾಲ್ಕು ಅಂಗಡಿ ಅಲೆದು ಅದೇ ಬೂದು ಬಣ್ಣದ ಉಂಡೆ ಹುಡುಕಿ ತಂದಳು. ಎಲ್ಲರ ಕಾಲೆಳೆಯುವ ಹಕ್ಕು ಆಕೆಯದೇ.

"ಊರಿನ ಬೀಗವೆಲ್ಲ ತೆಗೀತೀರಿ, ಒಂದು ಗಂಟು ಬಿಚ್ಚೋಕೆ ಇಷ್ಟು ಹೊತ್ತಾ ಬೀಗದಣ್ಣ?"

"ಬೀಗಕ್ಕಾದ್ರೆ ಕೀ ಇರುತ್ತೆ ಅಕ್ಕ," ಎಂದ ಅವನು. ಕೋಣೆಯೆಲ್ಲ ನಕ್ಕಿತು. ಎಷ್ಟೋ ದಿನದ ಮೇಲೆ ಅವನೂ ನಕ್ಕ.

ಇನ್ನೊಂದು ದಿನ ನರ್ಸಕ್ಕ ಕೇಳಿದಳು: "ಇದಕ್ಕೆ ಮುಂಚೆ ಎಷ್ಟು ಸ್ವೆಟರ್ ಹಾಕಿಕೊಟ್ಟಿದ್ದರು?"

"ಒಂದೂ ಇಲ್ಲ. ಅವಳು ಕಲಿತು ಹಾಕಿದ್ದು ಇದೊಂದೇ."

ನರ್ಸಕ್ಕ ಕಣ್ಣೊರೆಸಿಕೊಂಡಳು. ಅಂಥ ಹೆಂಡತಿ ಯಾರಿಗುಂಟು ಎಂದಳು. ಅವನು ಸಾಲು ಎಣಿಸುತ್ತಲೇ ಇದ್ದ.

ತೋಳು ಮುಗಿಯುತ್ತ ಬಂದಾಗ ಟೀಚರಿಗೆ ಅನುಮಾನ ಬಂತು. ಭುಜದಿಂದ ಕೆಳಗಿಳಿದ ಹೆಣಿಗೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿಲ್ಲ. ಹೆಂಡತಿ ಹೆಣೆದ ಇನ್ನೊಂದು ತೋಳೂ ಹಾಗೆಯೇ, ಅವನ ಮಣಿಕಟ್ಟು ದಾಟಿ ನಾಲ್ಕು ಬೆರಳು ಉದ್ದ. ನರ್ಸಕ್ಕ ಸ್ವೆಟರನ್ನು ಅವನ ಬೆನ್ನಿಗೆ ಹಿಡಿದು ನೋಡಲು ಹೋದರೆ ಬಿಸಿ ತಾಗಿದವನಂತೆ ಪಕ್ಕಕ್ಕೆ ಸರಿದ.

"ಏನಣ್ಣ, ಇಷ್ಟು ವರ್ಷ ಸಂಸಾರ ಮಾಡಿ ಗಂಡನ ಕೈ ಎಷ್ಟುದ್ದ ಅಂತ ಗೊತ್ತಿರಲಿಲ್ವಾ ಅವರಿಗೆ?"

"ಗೊತ್ತಿತ್ತು," ಎಂದ. "ಚೆನ್ನಾಗಿ ಗೊತ್ತಿತ್ತು."

"ಇಲ್ಲಿಗೇ ನಿಲ್ಲಿಸೋಣ," ಎಂದರು ಟೀಚರ್.

"ಚೀಟಿಯಲ್ಲಿ ಇನ್ನೂ ಹದಿನೆಂಟು ಸಾಲಿದೆ."

ಅವನು ಹದಿನೆಂಟನ್ನೂ ಹಾಕಿದ. ಕಾಯಿಲೆಗೆ ನುಂಗುತ್ತಿದ್ದ ಮಾತ್ರೆಯ ಮಂಪರಿನಲ್ಲಿ ಆಕೆಗೆ ಅಳತೆ ತಪ್ಪಿರಬೇಕು, ಪಾಪ, ಎಂದುಕೊಂಡರು ಟೀಚರ್.

ತೊಳೆದು ಹದವಾಗಿ ಒಣಗಿಸಿ ಕೊಡುತ್ತೇನೆಂದು ಸ್ವೆಟರನ್ನು ಮನೆಗೆ ಒಯ್ದರು. ಕಲಿಯುವವರ ತಪ್ಪನ್ನು ಅವರಿಗೆ ಗೊತ್ತಾಗದಂತೆ ತಿದ್ದಿಡುವುದು ಅವರ ಹಳೆಯ ರೂಢಿ. ಜಾರಿದ ಕುಣಿಕೆಯನ್ನು ಎತ್ತಿ ಕೂರಿಸಿಟ್ಟರೆ ಮುಂದಿನ ವಾರ ಅವರ ಉತ್ಸಾಹ ಕುಂದುವುದಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕಂಡುಹಿಡಿದಿರಲಿಲ್ಲ. ಎರಡೂ ತೋಳಿನ ತುದಿಯನ್ನು ನಾಲ್ಕು ಬೆರಳು ಬಿಚ್ಚಿದರು. ಅಂಚನ್ನು ಹೊಸದಾಗಿ ಹೆಣೆದು ಮುಗಿಸಿದರು. ಹೆಂಡತಿ ಕಟ್ಟಿದ್ದ ಗಂಟು ಎಷ್ಟು ಬಿಗಿಯಾಗಿತ್ತೆಂದರೆ ಅದನ್ನು ಬಿಡಿಸಲು ಸೂಜಿಯೇ ಬೇಕಾಯಿತು.

ಗುರುವಾರ ಎಲ್ಲರೂ ಕಾದಿದ್ದರು. ಬೇಡ ಬೇಡ ಎನ್ನುತ್ತಿದ್ದಂತೆಯೇ ನರ್ಸಕ್ಕ ಬೀಗದಣ್ಣನ ತಲೆಯ ಮೇಲಿಂದ ಸ್ವೆಟರನ್ನು ಇಳಿಸಿಯೇಬಿಟ್ಟಳು. ಮೈ ದೊಗಳೆ. ದುಃಖಕ್ಕೆ ಇಳಿದುಹೋಗಿದ್ದಾನೆ, ಎರಡು ತಿಂಗಳು ಸರಿಯಾಗಿ ಊಟ ಮಾಡಿದರೆ ತುಂಬಿಕೊಳ್ಳುತ್ತದೆ ಎಂದಳು ಬೇಕರಿಯವಳು. ತೋಳು ಮಾತ್ರ ಮಣಿಕಟ್ಟಿಗೆ ಹೇಳಿ ಮಾಡಿಸಿದಂತೆ ಕೂತಿತು. ಹೆಂಗಸರು ಚಪ್ಪಾಳೆ ತಟ್ಟಿದರು.

ಅವನು ತನ್ನ ಮಣಿಕಟ್ಟು ನೋಡಿಕೊಂಡ.

"ಬಿಚ್ಚಿದಿರಾ?"

"ಸ್ವಲ್ಪವೇ. ಅಳತೆ ತಪ್ಪಿತ್ತು, ಅದಕ್ಕೆ..."

"ಅವಳು ಹಾಕಿದ್ದನ್ನೂ?"

ಚಪ್ಪಾಳೆ ನಿಂತಿತು. ಸ್ವೆಟರನ್ನು ನಿಧಾನವಾಗಿ ತೆಗೆದು ತೊಡೆಯ ಮೇಲೆ ಹರಡಿಕೊಂಡು, ಹೊಸ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕುಳಿತ. ಬೈದಿದ್ದರೆ ಟೀಚರಿಗೆ ಸುಲಭವಾಗುತ್ತಿತ್ತು.

"ಇದನ್ನ ಹೇಗೆ ಬಿಚ್ಚೋದು ತೋರಿಸಿ ಟೀಚರ್. ಮತ್ತೆ ಹಾಕ್ತೀನಿ. ಎರಡೂ ತೋಳು."

"ಯಾಕೆ ಅಣ್ಣ? ನಿಮಗೆ ಎಷ್ಟು ಸರಿಯಾಗಿದೆ ನೋಡಿ."

"ನನಗೆ ಯಾಕೆ ಸರಿಯಾಗಬೇಕು? ಯಾರಿಗೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ," ಎಂದು ಅವನು ಕಡ್ಡಿಗಳನ್ನು ಕೈಗೆತ್ತಿಕೊಂಡ. "ಅವಳು ಹೋದ ದಿನ ನನಗೆ ಗುರುತಿಲ್ಲದ ಒಬ್ಬ ಎತ್ತರದ ಮನುಷ್ಯ, ಒಳಗೆ ಬರಲಾರದೆ ನಮ್ಮ ಗೇಟಿನಾಚೆ ನಿಂತು ಅಳ್ತಾ ಇದ್ದ. ಇದು ಅವನಿಗೆ ಸರಿಯಾಗಬೇಕು."