ಎರಡನೇ ಸಲ ಕೇಳಿದ ಪ್ರಶ್ನೆ

ಗದಗಿನಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ನಡೆಸುವ ಮಕ್ತುಂ ನದಾಫ್‌ಗೆ ಹನ್ನೊಂದು ದಿನದಿಂದ ಯಾರ ಮೇಲೂ ನಂಬಿಕೆ ಇರಲಿಲ್ಲ...

ಅವನ ಜೀವದ ಗೆಳೆಯ, ಪತ್ರಕರ್ತ ಚನ್ನವೀರ ಬಡಿಗೇರ ತೀರಿಹೋಗಿದ್ದ. ಆತ್ಮಹತ್ಯೆ ಎಂದು ಪೊಲೀಸರು ಬರೆದುಕೊಂಡು ಹೋಗಿದ್ದರು.

"ದೊಡ್ಡ ದೊಡ್ಡವರಿಗೇ ಅಂಜದಾಂವ ಹಂಗ ಹೋಗಾಂವಲ್ಲ. ಇದರ ಹಿಂದ ಯಾರೋ ಅದಾರ," ಎಂದು ಮಕ್ತುಂ ಸಿಕ್ಕವರಿಗೆಲ್ಲ ಹೇಳಿದ.

ಚನ್ನವೀರ ಎಂದರೆ ಸುಮ್ಮನೆ ಅಲ್ಲ. ಸತ್ಯ ಸಿಗುವ ತನಕ ಬಿಡುವವನಲ್ಲ. ಯಾವುದೇ ಪ್ರಶ್ನೆಯನ್ನು ಎರಡು ಸಲ ಕೇಳುವುದು ಅವನ ಪದ್ಧತಿ.

"ಮೊದಲನೇ ಉತ್ತರ ಮರ್ಯಾದಿಗೆ ಹೇಳ್ತಾರಲೇ ಮಕ್ತುಂ... ಎರಡನೇದು ಖರೇ ಇರ್ತೈತಿ," ಎನ್ನುತ್ತಿದ್ದ.

ಶ್ರದ್ಧಾಂಜಲಿ ಸಭೆಯಲ್ಲಿ ಮಕ್ತುಂ ಕಣ್ಣೀರು ಹಾಕಲಿಲ್ಲ. ಮೂಲೆಯಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೇ ನೋಡಿದ.

ನೀರಿನ ಪೈಪ್ ಕಾಮಗಾರಿಯ ಕಂಟ್ರಾಕ್ಟರ್ ಎಲ್ಲರಿಗಿಂತ ದೊಡ್ಡ ಹಾರ ತಂದಿದ್ದ. ಕಳಪೆ ಪೈಪಿನ ಸುದ್ದಿ ಬರೆದು ಚನ್ನವೀರ ಅವನ ನಿದ್ದೆ ಕೆಡಿಸಿದ್ದ. ಮಕ್ತುಂ ದಿಟ್ಟಿಸಿ ನೋಡಿದ್ದೇ ತಡ, ಆ ಮನುಷ್ಯ ಕರ್ಚೀಫ್ ತೆಗೆದು ಕುತ್ತಿಗೆ ಒರೆಸಿಕೊಂಡ.

'ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ...' ಎಂದುಕೊಂಡ ಮಕ್ತುಂ.

ಪತ್ರಿಕೆಯ ಸಂಪಾದಕ ಮಾತಾಡುವಾಗ ಎರಡು ಸಲ ವಾಚ್ ನೋಡಿದ. ಅವನ ಮೇಲೂ ಸಂಶಯ ಬಂತು.

ಕೊನೆಗೆ ಚನ್ನವೀರನ ಹೆಂಡತಿ ಸುನಂದಾಳ ಮೇಲೂ ಬಂತು!

ಯಾಕೆಂದರೆ ಚನ್ನವೀರನ ಫೋನಿನಲ್ಲಿ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತಿದ್ದವು. ಧಮಕಿ ಹಾಕಿದವರ ದನಿ ಅದರಲ್ಲೇ ಇರಬೇಕು.

"ಫೋನ್ ಕೊಡ್ರಿ ವೈನಿ," ಎಂದರೆ ಅವಳು ತಲೆ ತಗ್ಗಿಸಿ, "ಅದು ಕೆಟ್ಟೈತ್ರಿ ಅಣ್ಣಾರ," ಎಂದಳು.

ಆದರೆ ಹನ್ನೊಂದನೆಯ ದಿನ ಮಕ್ತುಂ ಹೋದಾಗ, ಆ ಫೋನು ದೇವರ ಜಗಲಿಯ ಪಕ್ಕ ಚಾರ್ಜಿಗೆ ಹಾಕಿತ್ತು...

"ಕೆಟ್ಟ ಫೋನಿಗೆ ಚಾರ್ಜ್ ಯಾಕ್ರಿ ವೈನಿ? ಯಾರನ್ನ ಉಳಸಾಕ ಹೊಂಟೀರಿ?" ಮಕ್ತುಂನ ದನಿ ಗಡುಸಾಯಿತು.

ಸುನಂದಾ ಅಡ್ಡ ಬಂದು ಕೈಮುಗಿದಳು. "ಕೇಳಬ್ಯಾಡ್ರಿ ಅಣ್ಣಾರ... ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು.

ಅವನು ಅವಳ ಮಾತಿಗೆ ಬಗ್ಗದೆ ಫೋನ್ ಕೈಗೆತ್ತಿಕೊಂಡ. ಅಲ್ಲೇ ಕೂತು ರೆಕಾರ್ಡ್ ಆದ ಕರೆಗಳನ್ನು ಒಂದೊಂದೇ ಹಚ್ಚಿ ಕೇಳಿದ.

ಕಂಟ್ರಾಕ್ಟರ್ ಬಾಯಿಗೆ ಬಂದಂತೆ ಬೈದಿದ್ದ. ಚನ್ನವೀರ ಶಾಂತವಾಗಿ, "ಇನ್ನೊಮ್ಮೆ ಕೇಳ್ತೀನ್ರಿ, ಆ ಪೈಪ್ ಛಲೋ ಅದಾವೇನು?" ಎಂದಿದ್ದ. ಆ ಕಡೆಯಿಂದ, "ಇಲ್ರಿ... ಬದಲಿ ಮಾಡ್ಸಿ ಕೊಡ್ತೀನಿ," ಎಂದು ಸಣ್ಣ ದನಿ ಬಂತು.

ಅದು ತಿಂಗಳ ಹಿಂದಿನ ಮಾತು. ಆಮೇಲೆ ಯಾರೂ ಬೆದರಿಸಿರಲಿಲ್ಲ.

ಉಳಿದದ್ದು ಒಂದೇ ಕರೆ. ಚನ್ನವೀರನ ಕೊನೆಯ ದಿನ, ಮಧ್ಯಾಹ್ನದ್ದು.

ಮೊದಲು ಕೇಳಿದ್ದು ಮಷೀನಿನ ಸದ್ದು. ಆ ಸದ್ದು ಮಕ್ತುಂಗೆ ಚೆನ್ನಾಗಿ ಗೊತ್ತು. ಅವನ ಪ್ರೆಸ್ಸಿನದೇ...

"ಮಕ್ತುಂ, ಕೆಲಸದಾಗ ಅದೀಯೇನು?"

"ಹೂಂಲೇ, ಮದುವಿ ಕಾರ್ಡ್ ಅರ್ಜೆಂಟ್ ಅದಾವು. ಆರಾಮೇನು?"

ಸ್ವಲ್ಪ ಹೊತ್ತು ಮಷೀನಿನ ಸದ್ದು ಮಾತ್ರ.

"ಹೂಂ... ಆರಾಮ್."

"ಹಂಗಾರ ಆಮ್ಯಾಲೆ ಮಾಡ್ತೀನಿ, ಫೋನ್ ಇಡ್ಲೇನು?"

"ಆತು..."

ಅಷ್ಟೇ. ಕೆಲಸದ ಗಡಿಬಿಡಿಯಲ್ಲಿ ಆಡಿದ ಈ ಮಾತು ಮಕ್ತುಂಗೆ ಮರೆತೇ ಹೋಗಿತ್ತು. ಆ 'ಆಮ್ಯಾಲೆ' ಮತ್ತೆ ಬರಲೇ ಇಲ್ಲ.

ಮಕ್ತುಂ ಫೋನು ಕೆಳಗಿಟ್ಟ. ಊರೆಲ್ಲ ಹುಡುಕಿದವನು ಕೊನೆಗೆ ಕೇಳಿದ್ದು ತನ್ನದೇ ದನಿ.

"ಇದನ್ನ ಕೇಳಿದ್ರ ನೀವು ಉಳಿಯೂದಿಲ್ಲ ಅಂತ ಮುಚ್ಚಿಟ್ಟಿದ್ದೆ," ಎಂದಳು ಸುನಂದಾ. "ನಿಮ್ಮ ಮ್ಯಾಲೆ ಹಾಕ್ಕೋಬ್ಯಾಡ್ರಿ. ಅದೊಂದು ಮನಸ್ಸಿನ ಬ್ಯಾನಿ, ಒಬ್ಬರ ಒಂದ ಮಾತಿನಿಂದ ಆಗೂದಲ್ಲ ಅಂತ ಡಾಕ್ಟರ್ ಹೇಳ್ಯಾರ. ಅವತ್ತ ಮುಂಜಾನೆ ನಾನೂ ಕೇಳಿದ್ದೆ... ನನಗೂ ಆರಾಮ್ ಅಂದ್ರು."

ಮಕ್ತುಂ ಮಗುವಿನ ಹಾಗೆ ಅತ್ತ. ಹನ್ನೊಂದು ದಿನದಲ್ಲಿ ಅದೇ ಮೊದಲ ಸಲ.

ತನ್ನನ್ನು ಉಳಿಸಲು ಹೊರಟವಳ ಮೇಲೆ ಸಂಶಯ ಪಟ್ಟೆನಲ್ಲ ಎಂದು ಅವನಿಗೆ ತಲೆ ಎತ್ತಲಾಗಲಿಲ್ಲ. ಹೊರಡಲು ಎದ್ದವನು ರೂಢಿಯಂತೆ, "ನೀವು ಆರಾಮೇನ್ರಿ ವೈನಿ?" ಎಂದ.

"ಆರಾಮ್ರಿ ಅಣ್ಣಾರ..."

ಅವನು ಹೊಸ್ತಿಲು ದಾಟಿ ಒಂದು ಚಪ್ಪಲಿ ಮೆಟ್ಟಿದ.

ಹಾಗೇ ನಿಂತ...

ಚಪ್ಪಲಿ ಬಿಟ್ಟು ಒಳಗೆ ಬಂದು ಅವಳೆದುರು ನೆಲದ ಮೇಲೆ ಕೂತ.

"ವೈನಿ, ಇನ್ನೊಮ್ಮೆ ಕೇಳ್ತೀನಿ. ನನಗೇನೂ ಅವಸರ ಇಲ್ಲ. ಖರೇ ಹೇಳ್ರಿ... ಆರಾಮ ಅದೀರೇನು?"

ಸುನಂದಾ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.

"ಇಲ್ರಿ ಅಣ್ಣಾರ... ನನಗೂ ಬದುಕೂದು ಬ್ಯಾಡಾಗೈತಿ. ಹನ್ನೊಂದ ದಿನದಾಗ ಬಂದವರೆಲ್ಲ ಕೇಳಿದ್ರು. ಯಾರೂ ಎರಡನೇ ಸಲ ಕೇಳಲಿಲ್ಲ."

ಮಕ್ತುಂ ಅಲ್ಲಿಂದಲೇ ತನ್ನ ಹೆಂಡತಿಗೆ ಫೋನ್ ಮಾಡಿದ. "ಶಮೀಮ್, ನಾಲ್ಕು ರೊಟ್ಟಿ ಕಟ್ಕೊಂಡು ಬಾ. ಇವತ್ತಿಂದ ವೈನಿ ಜೋಡಿ ಇಲ್ಲೇ ಇರು. ನಾಳೆ ಮುಂಜಾನೆ ಮೂರೂ ಮಂದಿ ಡಾಕ್ಟರ್ ಕಡೆ ಹೋಗೂಣು."

ಆ ದಿನ ಪ್ರೆಸ್ಸಿನ ಬಾಗಿಲು ಮತ್ತೆ ತೆಗೆಯಲಿಲ್ಲ. ಅರ್ಜೆಂಟ್ ಕೆಲಸಗಳೆಲ್ಲ ನಾಳೆಗೆ ಉಳಿದವು. ಸುನಂದಾ ಮಾತ್ರ ಇಂದಿಗೂ ನಮ್ಮ ನಡುವೆ ಇದ್ದಾಳೆ...

*ಮೊದಲನೇ 'ಆರಾಮ್' ಮರ್ಯಾದೆಗೆ ಬರುತ್ತದೆ... ಎರಡನೇ ಸಲ ಕೇಳುವವರೇ ನಿಜವಾದ ಗೆಳೆಯರು.*

ಇವತ್ತು ನಿಮಗೆ "ಆರಾಮ್" ಎಂದವರಲ್ಲಿ, ನೀವು ಯಾರನ್ನು ಇನ್ನೊಮ್ಮೆ ಕೇಳಬೇಕಿತ್ತು?