ಸೂತಕದ ಸೀನು

"ನಗೆ ಸಿನಿಮಾ ಅಂತೀಯ, ಕೊನೇಲಿ ಅಪ್ಪನ್ನೇ ಸಾಯಿಸ್ತೀಯ. ಇದರಲ್ಲಿ ನಗೋದೇನಿದೆಯಮ್ಮ?" ಎಂದು ಹೆಸ್ಕೇಲ್ ಬೆಳಗಿನಿಂದ ಮಗಳ ಪ್ರಾಣ ಹಿಂಡುತ್ತಿದ್ದ.

ಮಗಳು ಒರ್ನಾ ತೆಗೆಯುತ್ತಿದ್ದದ್ದು ಒಬ್ಬ ಹಠಮಾರಿ ಮುದುಕ ಮತ್ತು ಅವನ ಬೆಳೆದ ಮಕ್ಕಳ ಕಥೆ. ಸಿನಿಮಾದ ಮುದುಕನೂ ಹೆಸ್ಕೇಲನಂತೆ ಬಾಗ್ದಾದಿನಿಂದ ಬಂದವನು, ಬಸ್ಸು ಓಡಿಸಿ ನಿವೃತ್ತನಾದವನು. ಹೆಸರೂ ಹೆಸ್ಕೇಲ್. ಶೂಟಿಂಗ್ ನಡೆಯುತ್ತಿದ್ದದ್ದೂ ರಮತ್ ಗಾನ್‌ನ ಅವನದೇ ಮನೆಯಲ್ಲಿ.

"ಅಪ್ಪ, ಜೀವನವೆಲ್ಲ ಕಚ್ಚಾಡಿದ ಅಣ್ಣತಂಗಿ ಸೂತಕಕ್ಕೆ ಕೂತಾಗ ನಿನ್ನ ನೆನೆಸ್ಕೊಂಡು ಒಟ್ಟಿಗೆ ನಗ್ತಾರೆ. ಅದೇ ಕೊನೆ. ನೀನು ಸಾಯದೆ ಸಿನಿಮಾ ಮುಗಿಯಲ್ಲ."

"ಹಾಗಾದ್ರೆ ಮುಗೀದೇ ಇರ್ಲಿ ಬಿಡು!"

ಯೆಹೂದಿ ಸೂತಕದ ಸೀನಿಗೆಂದು ಮನೆಯ ಕನ್ನಡಿಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿಯಾಗಿತ್ತು. ಕೂರಲು ನೆಲದ ಮೇಲೆ ಹಾಸಿಗೆ, ಮೂಲೆಯಲ್ಲಿ ಸತ್ತವರ ಹೆಸರಿನ ದೀಪ. ಹೆಸ್ಕೇಲ್ ಆ ದೀಪವನ್ನು ಎರಡು ಸಲ ಊದಿ ಆರಿಸಿದ್ದ, ದೃಷ್ಟಿಯಾಗದಿರಲೆಂದು ಬಾಗಿಲ ನೀಲಿಮಣಿಯನ್ನು ತಂದು ಕ್ಯಾಮರಾಕ್ಕೆ ಕಟ್ಟಿದ್ದ. ಮಗನ ಪಾತ್ರಕ್ಕೆ ಸ್ವಂತ ಮಗ ಯಿಗಾಲನೇ ಕೂತಿದ್ದ. ನಿಜದಲ್ಲಿ ಅವನು ಹಲ್ಲಿನ ಡಾಕ್ಟರು, ತಂಗಿಯ ಕಾಟಕ್ಕೆ ಬಂದು ಬೆಳಗಿನಿಂದ ಅವಳೊಂದಿಗೆ ಕಚ್ಚಾಡುತ್ತಿದ್ದವನು. ಸೂತಕದ ಪದ್ಧತಿಯಂತೆ ಅವನ ಶರಟಿನ ಕತ್ತುಪಟ್ಟಿಯನ್ನು ಕತ್ತರಿಸಿದಾಗ ಹೆಸ್ಕೇಲ್ ಕೂಗಿಕೊಂಡ: "ಅಯ್ಯೋ, ಹೊಸ ಶರಟು! ನಾನು ಕೊಡಿಸಿದ್ದು!"

ಒರ್ನಾ ಅಪ್ಪನನ್ನು ಅಡುಗೆಮನೆಗೆ ನೂಕಿದಳು. "ನಾನು ಕಟ್ ಅನ್ನೋವರೆಗೂ ನೀನು ಸತ್ತಿದ್ದೀಯ. ಉಸಿರೆತ್ತಬೇಡ."

ಈ ಗಲಾಟೆಯಲ್ಲಿ ಎಲ್ಲರೂ ಒಂದನ್ನು ಮರೆತಿದ್ದರು. ಬೆಳಿಗ್ಗೆ ಒಂದು ಶಾಟ್‌ಗಾಗಿ ಕೆಳಗಿನ ಗೇಟಿಗೆ ಅಂಟಿಸಿದ್ದ, ಹೆಸ್ಕೇಲ್ ತೀರಿಕೊಂಡನೆಂಬ ಕಪ್ಪಂಚಿನ ಚೀಟಿ ಅಲ್ಲೇ ಇತ್ತು.

ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲೆ ತಾವ್ಲಿ ಆಟದ ಹಲಗೆ ಧೂಳು ತಿನ್ನುತ್ತಾ ಕೂತಿತ್ತು. ಕೆಳಗಿನ ಮನೆಯ ನಾಜಿಯೂ ಅವನೂ ದಿನಾ ಮಧ್ಯಾಹ್ನ ಅದರ ಮೇಲೆ ದಾಳ ಉರುಳಿಸುತ್ತಿದ್ದವರು. ಒಂದು ದಿನ ಹೆಸ್ಕೇಲ್ ಟೀ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕಾಯಿಯೊಂದು ಜಾಗ ಬದಲಿಸಿತ್ತು. ಮೋಸ ಎಂದ ಇವನು. ಅಮ್ಮನಾಣೆ ಇಲ್ಲ ಎಂದ ಅವನು. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಒಬ್ಬ ಗೋಡೆ ನೋಡುತ್ತಿದ್ದ, ಇನ್ನೊಬ್ಬ ತನ್ನ ಚಪ್ಪಲಿ ನೋಡುತ್ತಿದ್ದ. ಹೆಸ್ಕೇಲ್ ಮಾತು ಬಿಟ್ಟಿದ್ದು ನಾಜಿಯೊಬ್ಬನ ಜೊತೆಯಲ್ಲ. ಸ್ವಂತ ತಮ್ಮ ಸಬಾಹ್ ತನ್ನ ಮಗಳ ಮದುವೆಯಲ್ಲಿ ಇವನನ್ನು ಹಿಂದಿನ ಮೇಜಿಗೆ ಕೂರಿಸಿದನೆಂದು ಅವನ ಮುಖವನ್ನೂ ಇವನು ನೋಡುತ್ತಿರಲಿಲ್ಲ. ಆದರೆ ನಾಜಿ ಇಲ್ಲದ ಮಧ್ಯಾಹ್ನಗಳು ಮಾತ್ರ ಅವನಿಗೆ ತಡೆಯಲಾರದಷ್ಟು ಉದ್ದವಾಗಿದ್ದವು. ಅವನೊಂದು ಸಲ ತಪ್ಪಾಯ್ತು ಅಂದಿದ್ದರೆ ಆ ಗಳಿಗೆಯಲ್ಲೇ ಹಲಗೆ ಇಳಿಸುತ್ತಿದ್ದ. ತಾನಾಗಿ ಹೋಗುವುದೆಂತು?

ಕ್ಯಾಮರಾ ಓಡತೊಡಗಿತು. ಸೂತಕದ ಮನೆಯ ಬಾಗಿಲು ಹಾಕುವಂತಿಲ್ಲ, ಯಾರೂ ತಟ್ಟುವಂತಿಲ್ಲ. ತೆರೆದ ಬಾಗಿಲಿನಿಂದ ನಾಜಿ ನೇರವಾಗಿ ಒಳಗೆ ಬಂದ. ಕೈಯಲ್ಲಿ ಪಾತ್ರೆ, ಪಾತ್ರೆಯ ತುಂಬ ಸೂತಕದವರಿಗೆಂದು ಬೇಯಿಸಿದ ಮೊಟ್ಟೆ. ಯಾರನ್ನೂ ನೋಡದೆ ಯಿಗಾಲನ ಪಕ್ಕ ನೆಲದ ಮೇಲೆ ಕುಸಿದು ಕೂತ.

ದುಃಖದಲ್ಲಿರುವವರು ಬಾಯಿ ಬಿಡುವವರೆಗೆ ಬಂದವರು ಮಾತಾಡಬಾರದು. ಯಿಗಾಲ್ ಗಾಬರಿಯಿಂದ ತಂಗಿಯ ಕಡೆ ನೋಡಿದ. ಅವಳು ತುಟಿಯ ಮೇಲೆ ಬೆರಳಿಟ್ಟು, ನಿಲ್ಲಿಸಬೇಡ ಎಂದು ಕ್ಯಾಮರಾದವನಿಗೆ ಸನ್ನೆ ಮಾಡಿದಳು. ಕೊನೆಗೆ ನಾಜಿಗೇ ತಾಳಲಾಗಲಿಲ್ಲ.

"ನಾನು ಮೊದಲು ಮಾತಾಡಬಾರದು, ಗೊತ್ತು ಮಗಾ. ಆದ್ರೆ ಎದೆ ಒಡೆದು ಹೋಗ್ತಿದೆ. ನಿಮ್ಮಪ್ಪನಂಥ ಮೊಂಡ ಬಾಗ್ದಾದಲ್ಲೂ ಇರ್ಲಿಲ್ಲ, ಇಲ್ಲೂ ಇಲ್ಲ. ಆದ್ರೂ ರಾತ್ರಿ ಮೇಲಿಂದ ಅವನ ಕೆಮ್ಮು ಕೇಳಿಸಿದ್ರೇನೇ ನಂಗೆ ನಿದ್ದೆ ಬರ್ತಿದ್ದಿದ್ದು."

ಅಡುಗೆಮನೆಯಲ್ಲಿ ಹೆಸ್ಕೇಲ್ ಕೈಗೆ ಸಿಕ್ಕ ಮಸಿಬಟ್ಟೆಯಲ್ಲೇ ಕಣ್ಣೊರೆಸಿಕೊಂಡ.

"ಇನ್ನು ಮುಚ್ಚಿಟ್ಟು ಏನು ಮಾಡ್ಲಿ," ಎಂದ ನಾಜಿ. "ಆವತ್ತು ಅವನು ಟೀ ತರೋಕೆ ಹೋದಾಗ ಕಾಯಿ ಸರಿಸಿದ್ದು ನಾನೇ."

ಅಡುಗೆಮನೆಯ ಬಾಗಿಲು ದಢಾರನೆ ತೆರೆದುಕೊಂಡಿತು. "ಕೇಳಿಸ್ಕೊಂಡ್ರಾ? ಎಲ್ಲಾರೂ ಕೇಳಿಸ್ಕೊಂಡ್ರಾ? ಅವನ ಬಾಯಿಂದಲೇ ಬಂತು! ಒರ್ನಾ, ಕ್ಯಾಮರಾದಲ್ಲಿ ಬಂತೇನಮ್ಮ?"

ನಾಜಿಯ ಕೈಯಿಂದ ಪಾತ್ರೆ ಜಾರಿ ಮೊಟ್ಟೆಗಳು ಮನೆ ತುಂಬ ಉರುಳಿದವು. "ನೀ... ನೀನು ಸತ್ತಿಲ್ವೇನೋ?"

"ತಪ್ಪಾಯ್ತು ಅನ್ನೋಕೆ ನಾನು ಸಾಯಬೇಕಿತ್ತೇನೋ?"

"ಬದುಕಿದ್ದಾಗ ನೀನೆಲ್ಲಿ ನನ್ನ ಬಾಯಿ ಬಿಡೋಕೆ ಬಿಟ್ಟೆ? ಹೋಗು, ನಾನು ಹೇಳಿದ್ದೆಲ್ಲ ಸುಳ್ಳು. ನನ್ನ ಮೊಟ್ಟೆ ನನಗೆ ಕೊಡು!" ನಾಜಿ ಬೈಯುತ್ತಲೇ ಮಂಡಿಯೂರಿ ಮೊಟ್ಟೆ ಹೆಕ್ಕತೊಡಗಿದ. ಹೆಸ್ಕೇಲನೂ ಸೋಫಾದಡಿಗೆ ಕೈ ಹಾಕಿ ಒಂದನ್ನು ಎಳೆದು ಕೊಟ್ಟ. ಅವನು ಅದನ್ನು ಇಸಿದುಕೊಂಡು, ಸಿಪ್ಪೆ ಸುಲಿದು, ಅರ್ಧ ಮುರಿದು ಹೆಸ್ಕೇಲನ ಮುಂದೆ ಹಿಡಿದ. ಯಿಗಾಲ್ ಹಾಸಿಗೆಯ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬೆಳಗಿನಿಂದ ಅವನೊಂದಿಗೆ ಜಗಳವಾಡಿದ್ದ ಒರ್ನಾ ಅವನ ಭುಜಕ್ಕೆ ಒರಗಿ ನಕ್ಕೂ ನಕ್ಕೂ ಅಳುತ್ತಿದ್ದಳು. ಕಟ್ ಎನ್ನಲು ಯಾರಿಗೂ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಸೂತಕದ ಹಾಸಿಗೆಯ ಮೇಲೇ ತಾವ್ಲಿ ಹಲಗೆ ಬಿಚ್ಚಿಕೊಂಡಿತು. ನಾಜಿಯ ಕೈ ಮೇಲೆ ಕಣ್ಣಿಟ್ಟುಕೊಂಡೇ ಹೆಸ್ಕೇಲ್ ಕಾಯಿ ಜೋಡಿಸುತ್ತಿದ್ದ.

"ನೀನೇ ಗೆದ್ದೆ ಅಪ್ಪ," ಎಂದಳು ಒರ್ನಾ ಕಣ್ಣೊರೆಸಿಕೊಳ್ಳುತ್ತಾ. "ಸಿನಿಮಾದಲ್ಲಿ ನೀನು ಸಾಯಲ್ಲ. ಕೆಳಗೆ ಹೋಗಿ ಆ ಚೀಟಿ ಕಿತ್ತಾಕಿ ಬರ್ತೀನಿ."

ಹೆಸ್ಕೇಲ್ ದಾಳವನ್ನು ಅಂಗೈಯಲ್ಲಿ ಕುಲುಕುತ್ತಾ, ತಲೆ ಎತ್ತದೆ ಹೇಳಿದ:

"ಈಗಲೇ ಕೀಳಬೇಡಮ್ಮ. ಸಂಜೆ ಪ್ರಾರ್ಥನೆಗೆ ನಿಮ್ಮ ಸಬಾಹ್ ಚಿಕ್ಕಪ್ಪ ಇದೇ ದಾರೀಲಿ ಹೋಗ್ತಾನೆ."